ಪಿಜ್ಜಾ ಮುರಿದ ಭಾನುವಾರ

ಸುಳ್ಳು ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು. ಅದು ನನ್ನ ಗೆಳೆಯ ಮದಾಮಿನ್‌ಗೆ ಹುಟ್ಟಾ ಇಲ್ಲ. ಬೇಕಿದ್ದರೆ ಕೋಕಂದ್ ಪಟ್ಟಣದ ನಮ್ಮ ಕೇರಿಯಲ್ಲಿ, ನಾವು ಮಹಲ್ಲಾ ಅನ್ನುತ್ತೇವೆ, ಯಾರನ್ನಾದರೂ ಕೇಳಿ. ಅವನು ಓಡಿಸುವುದು ಬಾಡಿಗೆ ವ್ಯಾನು. ಬಜಾರಿಗೆಂದು ಹತ್ತಿದವರನ್ನು ಆಸ್ಪತ್ರೆಯ ಮುಂದೆ ಇಳಿಸಿ, "ಇಲ್ಲೇ ಅಲ್ವಾ ನೀವು ಹೇಳಿದ್ದು?" ಎಂದು ಅವರನ್ನೇ ದಬಾಯಿಸುತ್ತಾನೆ. ಅಂಥವನು ಹೋದ ಗುರುವಾರ ಔಷಧದಂಗಡಿಯಲ್ಲಿ ನಿಂತು, "ಪಿಜ್ಜಾನಾ? ಅದನ್ನ ನಾನು ಮನೇಲೇ ಮಾಡ್ತೀನಿ" ಎಂದುಬಿಟ್ಟ.

ಔಷಧದಂಗಡಿಗೆ ಅವನು ದಿನಾ ಹೋಗುತ್ತಿದ್ದ. ತಲೆನೋವಿನ ಮಾತ್ರೆ ಕೊಳ್ಳುತ್ತಿದ್ದ. ಅವನಿಗೆ ತಲೆನೋವು ಬಂದದ್ದನ್ನು ನಾನಂತೂ ಕಂಡಿಲ್ಲ. ಅದಕ್ಕೆ ತಲೆ ಎಂಬುದು ಬೇಕಲ್ಲ. ಮಾತ್ರೆಗಳೆಲ್ಲ ವ್ಯಾನಿನ ಡಬ್ಬಿಯಲ್ಲಿ ತುಂಬಿದ್ದವು. ಚಿಲ್ಲರೆ ಇಲ್ಲದಾಗ ಪ್ರಯಾಣಿಕರಿಗೆ ಅವನ್ನೇ ಕೊಡುತ್ತಿದ್ದ. ಅಂಗಡಿಯಲ್ಲಿ ಮಾತ್ರೆ ಕೊಡುವವಳು ಸನೋಬರ್. ಅವಳನ್ನು ಕಂಡರೆ ಇವನಿಗೆ ಪ್ರಾಣ. ಇದು ಮಹಲ್ಲಾಕ್ಕೆಲ್ಲ ಗೊತ್ತಿತ್ತು.

ಹಾಗಿದ್ದರೆ ಹೋಗಿ ಹೆಣ್ಣು ಕೇಳಬಾರದಿತ್ತೇ ಅನ್ನಬಹುದು. ಕೇಳಬೇಕಾದವರು ಮನೆಯ ಹಿರಿಯ ಹೆಂಗಸರು. ಇವನಿಗೆ ತಾಯಿ ಇಲ್ಲ, ಅಕ್ಕ ಇಲ್ಲ, ದೊಡ್ಡಮ್ಮ ಚಿಕ್ಕಮ್ಮ ಯಾರೂ ಇಲ್ಲ. ಪಾಪ ಅಂತ ಒಮ್ಮೆ ನನ್ನ ಹೆಂಡತಿಯನ್ನೇ ಕಳಿಸಿದ್ದೆ. ಸನೋಬರಳ ತಂದೆ ಇನೋಯತ್ ಮೇಷ್ಟ್ರು ನಮ್ಮಿಬ್ಬರಿಗೂ ರಸಾಯನಶಾಸ್ತ್ರ ಕಲಿಸಿದವರು. ಶಾಲೆಯಲ್ಲಿದ್ದಾಗ ಮದಾಮಿನ್ ಯಾವುದಕ್ಕೋ ಯಾವುದನ್ನೋ ಸುರಿದು, ಅವರ ಎಡಗಡೆಯ ಹುಬ್ಬು ಹಾರಿಹೋಗಿತ್ತು. ಮತ್ತೆ ಅದು ಬೆಳೆಯಲೇ ಇಲ್ಲ. "ಆ ಹುಡುಗನಿಗೆ ಮಗಳನ್ನ ಕೊಟ್ರೆ ಇರೋ ಒಂದು ಹುಬ್ಬೂ ಹೋಗತ್ತಮ್ಮ" ಎಂದರಂತೆ. ನನ್ನ ಹೆಂಡತಿ ಚಹಾ ಕುಡಿದು ಎದ್ದು ಬಂದಳು.

ಇರಲಿ, ಗುರುವಾರಕ್ಕೆ ಬರೋಣ. ಸನೋಬರ್ ತಾಷ್ಕೆಂಟಿಗೆ ತರಬೇತಿಗೆ ಹೋಗಿದ್ದಾಗ ತಿಂದ ಪಿಜ್ಜಾದ ಸುದ್ದಿಯನ್ನು ಪಕ್ಕದವಳಿಗೆ ಹೇಳುತ್ತಿದ್ದಳು. ಆಗ ಇವನು ಬಾಯಿ ಹಾಕಿದ. ಅವಳು ಮಾತು ನಿಲ್ಲಿಸಿ ಇವನ ಕಡೆ ತಿರುಗಿದಳಂತೆ.

"ಹಾಗಾದ್ರೆ ಭಾನುವಾರ ನಮ್ಮನೆಗೆ ತಗೊಂಬನ್ನಿ. ಭಾನುವಾರಾನೇ. ಮಧ್ಯಾಹ್ನಾನೇ. ತಡ ಮಾಡ್ಬೇಡಿ" ಎಂದಳಂತೆ.

ಭಾನುವಾರ ಬೆಳಿಗ್ಗೆ ನನ್ನ ಕ್ಷೌರದಂಗಡಿಯಲ್ಲಿ ಗಿರಾಕಿಯ ಅರ್ಧ ಗಡ್ಡ ಬೋಳಿಸಿದ್ದೆ. ಮದಾಮಿನ್ ಒಂದು ಚೀಲ ಟೊಮೆಟೊ ಹಿಡಿದು ಒಳಗೆ ನುಗ್ಗಿದ.

"ನಿಶೋನ್, ಪಿಜ್ಜಾಗೆ ಏನೇನು ಹಾಕ್ತಾರೋ?"

"ನನ್ನ ಕೇಳ್ತೀಯಾ? ಮನೇಲೇ ಮಾಡೋನು ನೀನಲ್ವಾ?"

"ಮಾಡ್ತೀನಿ ಅಂದೆ. ಮಾಡಿದೀನಿ ಅಂದ್ನಾ?"

"ತಿಂದಾದ್ರೂ ಇದೀಯಾ?"

"ನೋಡಿದೀನಿ. ತಾಷ್ಕೆಂಟಲ್ಲಿ. ಗಾಜಿನ ಆಚೆ ಇತ್ತು. ಒಳಗೆ ಹೋಗೋಣ ಅನ್ನೋಷ್ಟರಲ್ಲಿ ವ್ಯಾನ್ ತೆಗಿ ಅಂತ ಪೊಲೀಸಿನವ್ನು ಬಂದ. ಗುಂಡಗಿತ್ತು ಕಣೋ, ಕೆಂಪಗಿತ್ತು, ಮೇಲೆ ಕಪ್ಪು ಚುಕ್ಕೆ ಇತ್ತು."

"ಅದು ಹುಳ ಇರ್ಬೇಕಣ್ಣ" ಎಂದ ಕುರ್ಚಿಯಲ್ಲಿದ್ದ ಗಿರಾಕಿ.

ಗಿರಾಕಿ ಎಂದರೆ ಕಸಾಯಿ ತುರ್ಗುನ್‌ನ ಮಗ ದಿಲ್ಮುರೋದ್. ಎತ್ತಿನ ಹಾಗಿರುವ ಹುಡುಗ, ಹಸುವಿನ ಸ್ವಭಾವ. "ಬೇಗ ಮುಗ್ಸಿ ನಿಶೋನಣ್ಣ. ಇವತ್ತು ನನ್ನ ರೊಟ್ಟಿ ಮುರೀತಾರೆ" ಎಂದ.

"ಅರೆ, ಮುಬಾರಕ್ಕಪ್ಪಾ!" ಎಂದೆ. ನಮ್ಮಲ್ಲಿ ಎರಡೂ ಕಡೆಯ ಹಿರಿಯರು ಸೇರಿ ಗಂಡಿನ ಕಡೆಯ ರೊಟ್ಟಿ ಮುರಿದರೆಂದರೆ ಮುಗಿಯಿತು, ಹೆಣ್ಣು ಅವರದೇ. ಬರಹ ಅಳಿಸಬಹುದು, ರೊಟ್ಟಿ ಕೂಡಿಸಲಾಗದು ಅನ್ನುತ್ತಾರೆ ಹಿರಿಯರು. "ಯಾರ ಮನೆ ಹುಡುಗಿ?"

"ಇನೋಯತ್ ಮೇಷ್ಟ್ರ ಮಗಳು."

ನನ್ನ ಕತ್ತಿ ಅಲ್ಲೇ ನಿಂತಿತು. ಮದಾಮಿನ್‌ನ ಚೀಲದಿಂದ ಟೊಮೆಟೊಗಳು ಉರುಳಿ ಅಂಗಡಿಯ ತುಂಬ ಹರಡಿದವು. ಮಹಲ್ಲಾಕ್ಕೆಲ್ಲ ಗೊತ್ತಿದ್ದ ವಿಷಯ ದಿಲ್ಮುರೋದ್‌ಗೆ ಗೊತ್ತಿರಲಿಲ್ಲ. ಕೈಯಲ್ಲಿ ಮಚ್ಚು ಹಿಡಿದು ನಿಂತವನಿಗೆ ಇಂಥದ್ದನ್ನೆಲ್ಲ ಹೇಳುವವರು ಯಾರು? ಅವನು ಪಾಪ ಕುರ್ಚಿಯಿಂದ ಇಳಿದು, ಮುಖದ ನೊರೆ ಸಮೇತ, ಟೊಮೆಟೊ ಆರಿಸಿಕೊಟ್ಟ.

ಮದಾಮಿನ್ ಬೆಂಚಿನ ಮೇಲೆ ಕುಸಿದು ಕೂತ. ಅವನನ್ನು ಹಾಗೆ ನಾನೆಂದೂ ನೋಡಿರಲಿಲ್ಲ. ಬೈಯುವ ಬದಲು ಒಂದು ಲೋಟ ನೀರು ಕೊಟ್ಟೆ.

"ಭಾನುವಾರ ತಗೊಂಬಾ ಅಂದಿದಾಳೆ. ಮಾತು ಕೊಟ್ಟಿದೀನಿ" ಎಂದ ಕೊನೆಗೆ, ಮೂಗೆಳೆದುಕೊಂಡು. "ಕೊಟ್ಟು ಬಂದ್ಬಿಡ್ತೀನಿ. ಮದಾಮಿನ್ ಏನೂ ಕೈಲಾಗದೋನು ಅಂತ ಅಂದ್ಕೊಂಡು ಅವಳು ಹೋಗೋದು ಬೇಡ."

"ಪಿಜ್ಜಾನಾ?" ಎಂದ ದಿಲ್ಮುರೋದ್, ಕಣ್ಣರಳಿಸಿ. "ಮೇಲೆ ಮಾಂಸ ಹಾಕ್ತಾರಂತಲ್ಲಣ್ಣ? ನಮ್ಮಂಗಡೀಲಿ ಒಳ್ಳೇ ಕುದುರೆ ಮಾಂಸ ಇದೆ. ತರ್ಲಾ?"

ಪಿಜ್ಜಾ ಯಾರಿಗೆಂದು ಕೇಳದೆಯೇ, ಬೇಡ ಅನ್ನುವುದರೊಳಗೆ ಓಡಿದ, ಅರ್ಧ ಗಡ್ಡದಲ್ಲೇ.

ನನ್ನ ಹೆಂಡತಿ ತವರಿಗೆ ಹೋಗಿದ್ದಳು. ಇಲ್ಲದಿದ್ದರೆ ಮುಂದಿನದು ನಡೆಯುತ್ತಲೇ ಇರಲಿಲ್ಲ. ಅಂಗಡಿಯ ಹಿಂದೆಯೇ ಇರುವ ನಮ್ಮ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿದೆವು. ಚೀಸ್ ಇರಲಿಲ್ಲ. ಬದಲಿಗೆ ಕುರ್ತ್ ಸಿಕ್ಕಿತು, ಅದೇ, ಉಪ್ಪು ಹಾಕಿ ಒಣಗಿಸಿದ ಮೊಸರಿನ ಉಂಡೆ. ಒಂದನ್ನು ಗೋಡೆಗೆ ಹೊಡೆದರೆ ಗೋಡೆಯೇ ಉದುರುತ್ತದೆ. ಮದಾಮಿನ್ ಅದನ್ನು ಒರಳಿಗೆ ಹಾಕಿ ಕುಟ್ಟಿದ. ಒಂದುಂಡೆ ಹಾರಿ ಅಂಗಡಿಯ ಕನ್ನಡಿಗೆ ಬಡಿಯಿತು. ಕನ್ನಡಿ ಬಿರುಕು ಬಿಟ್ಟಿತು, ಕುರ್ತ್‌ಗೆ ಏನೂ ಆಗಲಿಲ್ಲ.

"ಕರಗಬೇಕು ಕಣೋ ಇದು. ಕರಗಿ ನೂಲಿನ ಥರ ಎಳೀಬೇಕು" ಎಂದ.

"ಇದಾ? ಇದು ಕರಗಬೇಕಾದ್ರೆ ಕಯಾಮತ್ ಬರ್ಬೇಕು."

ಕರಗುವುದಕ್ಕೆಂದು ಕುರಿಯ ಬಾಲದ ಕೊಬ್ಬು ಸೇರಿಸಿದ. ಕಪ್ಪು ಚುಕ್ಕೆಗೆ ಒಣದ್ರಾಕ್ಷಿ. ಹಸಿರಿಗೆ ಸಬ್ಬಸಿಗೆ ಸೊಪ್ಪು. ದಿಲ್ಮುರೋದ್ ತಂದ ಮಾಂಸವನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದ್ದಾಯಿತು. ಹೆಚ್ಚಿದವನು ದಿಲ್ಮುರೋದನೇ. ತನ್ನ ನಿಶ್ಚಿತಾರ್ಥದ ದಿನ ಇಷ್ಟು ಖುಷಿಯಾಗಿದ್ದ ವರನನ್ನು ನಾನು ಕಂಡಿಲ್ಲ.

ಹಿಟ್ಟು ಎಲ್ಲಿ? ಪಕ್ಕದ ಮನೆಯಲ್ಲಿ. ಹೋಸಿಯತ್ ಖೋಲಾ, ಎಂದರೆ ಹೋಸಿಯತ್ ಚಿಕ್ಕಮ್ಮ, ಮಹಲ್ಲಾಕ್ಕೆಲ್ಲ ರೊಟ್ಟಿ ಸುಡುವಾಕೆ. ಅವಳ ಬಾಯಿಗೂ ತಂದೂರಿಗೂ ಒಂದೇ ಕಾವು. ಆ ಬೆಳಿಗ್ಗೆ ಅವಳು ತುರ್ಗುನ್‌ನ ಮನೆಯವರಿಗೇ ರೊಟ್ಟಿ ಸುಡುತ್ತಿದ್ದಳು.

"ಏನ್ರೋ ಮೂರು ಜನ ಕಳ್ಳರ ಥರ? ಲೇ ದಿಲ್ಮುರೋದ್, ನಿನ್ನ ಇನ್ನೊಂದು ಕೆನ್ನೆ ಯಾರಿಗೋ?"

ಮದಾಮಿನ್ ಪಿಜ್ಜಾದ ವಿಷಯ ಹೇಳಿದ. ಅವಳು ಸೊಂಟಕ್ಕೆ ಕೈಯಿಟ್ಟು ಅವನ ಮುಖವನ್ನೇ ನೋಡಿದಳು. ಏನು ಕಂಡಿತೋ, ಬೈಯದೆ ಒಂದು ಮುದ್ದೆ ಹಿಟ್ಟು ಕೊಟ್ಟಳು. ಅದನ್ನು ಅಗಲವಾಗಿ ತಟ್ಟಿ, ಅಭ್ಯಾಸಬಲದಿಂದ ನಡುವೆ ತನ್ನ ಹೂವಿನ ಅಚ್ಚನ್ನು ಕಚಕಚನೆ ಒತ್ತಿಯೂ ಕೊಟ್ಟಳು.

ಅದರ ಮೇಲೆ ಟೊಮೆಟೊ, ಕುರ್ತ್, ಕೊಬ್ಬು, ದ್ರಾಕ್ಷಿ ಎಲ್ಲ ಹರಡಿದ ಮದಾಮಿನ್, ಖೋಲಾ ತಡೆಯುವುದರೊಳಗೆ ಅದನ್ನೆತ್ತಿ ತಂದೂರಿನ ಒಳಗೋಡೆಗೆ ಫಟ್ ಎಂದು ಬಡಿದ. ತಂದೂರಿನ ಗೋಡೆ ನೆಟ್ಟಗಿರುತ್ತದೆ ಎಂಬುದನ್ನು ಅವನು ಹುಟ್ಟಿದಾಗಿನಿಂದ ನೋಡುತ್ತ ಬಂದಿದ್ದಾನೆ. ಆದರೂ ಮೇಲಿದ್ದದ್ದೆಲ್ಲ ಜಾರಿ ಕೆಂಡಕ್ಕೆ ಬಿದ್ದಾಗ ಆಶ್ಚರ್ಯಪಟ್ಟ. ಕುರಿಯ ಕೊಬ್ಬಿಗೆ ಬೆಂಕಿ ತಗುಲಿ ಭಗ್ ಎಂದಿತು. ಹೊಗೆ ಬೀದಿ ತುಂಬಿತು. ಆಚೆ ಮನೆಯ ಮುದುಕ ಬಕೆಟ್ ನೀರು ತಂದು, ಬೆಂಕಿ ಎಲ್ಲಿದೆಯೆಂದು ತಿಳಿಯದೆ ನನ್ನ ಮೇಲೆ ಸುರಿದ.

"ದೇವರ ಅನ್ನ ಬೂದಿ ಪಾಲು ಮಾಡಿದ್ಯಲ್ಲೋ ಮೂದೇವಿ!" ಎಂದು ಖೋಲಾ ಕೂಗಿದಳು. ಬಿದ್ದ ತುಣುಕುಗಳನ್ನು ಇಕ್ಕಳದಿಂದ ತೆಗೆಸಿ, ಒಂದೊಂದನ್ನೂ ಕಣ್ಣಿಗೊತ್ತಿಕೊಂಡು ಮುತ್ತಿಡುವಂತೆ ಮಾಡಿದಳು. ಮದಾಮಿನ್‌ನ ತುಟಿ ಸುಟ್ಟಿತು.

ಎರಡನೆಯದನ್ನು ಅವಳೇ ಮಾಡಿದಳು. ಮೊದಲು ಅಚ್ಚೊತ್ತಿದ ಬರೀ ರೊಟ್ಟಿ ಅರ್ಧ ಬೇಯಿಸಿ, ಹೊರಗೆ ತೆಗೆದು, ಮೇಲೆ ಉಳಿದದ್ದನ್ನೆಲ್ಲ ಹರಡಿ, ಕಬ್ಬಿಣದ ಬಾಣಲೆ ಕವುಚಿ, ಅದರ ಮೇಲೆ ಕೆಂಡ ಹೇರಿದಳು. ತೆಗೆದಾಗ ಗುಂಡಗಿತ್ತು, ಕೆಂಪಗಿತ್ತು, ಚುಕ್ಕೆಗಳೂ ಇದ್ದವು. ದ್ರಾಕ್ಷಿಗಿಂತ ಮಸಿಯ ಚುಕ್ಕೆಗಳೇ ಹೆಚ್ಚು. ಕುರ್ತ್ ಮಾತ್ರ ಹಾಕಿದ್ದು ಹಾಕಿದ ಹಾಗೇ ಇತ್ತು.

ಮದಾಮಿನ್ ಬೆರಗಾಗಿ ನಿಂತ. "ಅದೇ! ಇದೇ ಕಣೋ ಅದು! ಇನ್ನು ತ್ರಿಕೋನ ತ್ರಿಕೋನ ಕತ್ತರಿಸ್ಬೇಕು. ನಿಶೋನ್, ನಿನ್ನ ಕತ್ತರಿ ಕೊಡು."

"ಜನರ ತಲೆ ಕತ್ತರಿಸೋ ಕತ್ತರಿ ಕಣೋ!"

"ರೊಟ್ಟಿಗೆ ಕತ್ತರಿ ಹಾಕ್ತಾನಂತೆ!" ಖೋಲಾ ಇಕ್ಕಳ ಎತ್ತಿದಳು. "ಹಾಕು, ನಿನ್ನ ಕಿವಿ ಮೊದಲು ಕತ್ತರಿಸ್ತೀನಿ." ಒಗೆದ ಬಿಳಿ ಬಟ್ಟೆಯಲ್ಲಿ ಅದನ್ನು ಇಡಿಯಾಗಿ ಸುತ್ತಿ ಅವನ ಕೈಗಿಟ್ಟಳು. "ಹೊತ್ತಾಯ್ತು, ಹೋಗ್ರೋ. ನಾನೂ ಇವರ ರೊಟ್ಟಿ ತಲುಪಿಸ್ಬೇಕು."

ಮೇಷ್ಟ್ರ ಅಂಗಳದಲ್ಲಿ ಆಗಲೇ ಜನ ಸೇರಿದ್ದರು. ಚಪ್ಪರದ ಕೆಳಗಿನ ಅಗಲವಾದ ಮಂಚದ ಮೇಲೆ ಊಟದ ಹಾಸುಬಟ್ಟೆ ದಸ್ತರ್‌ಖಾನ್ ಹಾಸಿ, ಬಾದಾಮಿ, ಮಿಠಾಯಿ, ಹಣ್ಣು ಜೋಡಿಸಿತ್ತು. ಒಂದು ಕಡೆ ತುರ್ಗುನ್, ಅವನ ಮಗ್ಗುಲಲ್ಲಿ ಗಂಡಿನ ಕಡೆಯ ಹಿರಿಯರಾಗಿ ಹೈದರ್ ಬೋಬೋ, ಊರಿಗೆಲ್ಲ ತಾತ. ಬೋಬೋಗೆ ಕಣ್ಣು ಮಂಜು, ಕಿವಿ ಚುರುಕು. ಎದುರಿಗೆ ಮೇಷ್ಟ್ರು, ಒಂದೇ ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದರು.

ನಾವು ಬಾಗಿಲಲ್ಲಿ ಕಾಲಿಟ್ಟೆವೋ ಇಲ್ಲವೋ, ಯಾರೋ ಹೆಂಗಸು ಓಡಿಬಂದು, "ಅಯ್ಯೋ, ರೊಟ್ಟಿ ತರೋಕೆ ಇಷ್ಟು ಹೊತ್ತಾ? ಎಲ್ರೂ ಕಾಯ್ತಿದಾರೆ!" ಎಂದು ಮದಾಮಿನ್‌ನ ಕೈಯಿಂದ ಗಂಟು ಕಿತ್ತುಕೊಂಡು ಹೋದಳು.

"ಅದು ಸನೋಬರ್‌ಗೆ..." ಎಂದ ಇವನು.

"ಗೊತ್ತಪ್ಪ, ಎಲ್ಲಾ ಅವಳಿಗೇ! ಕೂತ್ಕೊಳಿ, ಕೂತ್ಕೊಳಿ."

ಹಿಂದೆಯೇ ಹೋಸಿಯತ್ ಖೋಲಾಳ ಗಂಟುಗಳೂ ಬಂದವು. ಎಲ್ಲ ಒಂದೇ ಬಗೆಯ ಬಿಳಿ ಬಟ್ಟೆ. ಎಲ್ಲವನ್ನೂ ಬೋಬೋರ ಮುಂದೆ ರಾಶಿ ಇಟ್ಟರು. ನಮ್ಮನ್ನು ದಸ್ತರ್‌ಖಾನಿನ ತುದಿಯಲ್ಲಿ, ಚಪ್ಪಲಿಗಳ ಪಕ್ಕ ಕೂರಿಸಿದರು. ವರನಾದವನು ಈ ಹೊತ್ತಿಗೆ ಅಲ್ಲಿ ಕಾಲಿಡಬಾರದು. ಆದರೆ ದಿಲ್ಮುರೋದ್ ಗೋಡೆಯಾಚೆಯಿಂದ ಅರ್ಧ ಗಡ್ಡದ ಮುಖ ಎತ್ತಿ, "ಪಿಜ್ಜಾ ತಿಂದಾಯ್ತಾ ಅಣ್ಣ?" ಎಂದು ಸನ್ನೆ ಮಾಡುತ್ತಿದ್ದ.

ಬೋಬೋ ದುವಾ ಮುಗಿಸಿ ರಾಶಿಯ ಮೇಲೆ ಕೈಯಾಡಿಸಿದರು. ಕೈ ಒಂದು ಗಂಟಿನ ಮೇಲೆ ನಿಂತಿತು.

"ಆಹಾ, ಬಿಸಿ ಇದೆ. ಬಿಸಿ ರೊಟ್ಟಿ ಒಳ್ಳೇ ಶಕುನ. ಹಿಡ್ಕೊಳಿ ಮೇಷ್ಟ್ರೇ."

ನನಗೆ ಗಂಟು ಗುರುತಾಯಿತು. ಬಟ್ಟೆಗೆ ಕೊಬ್ಬು ಇಳಿದಿತ್ತು. ಮದಾಮಿನ್ ನೋಡಲಿಲ್ಲ, ಅವನು ಒಳಕೋಣೆಯ ಪರದೆಯನ್ನೇ ನೋಡುತ್ತಿದ್ದ. ಹಿರಿಯರಿಬ್ಬರೂ ಬಟ್ಟೆಯ ಮೇಲಿನಿಂದಲೇ ಆಚೀಚೆ ಹಿಡಿದರು. "ಬಿಸ್ಮಿಲ್ಲಾ!" ಎಂದರು. ಮುರಿದರು.

ಪಚಕ್ ಎಂದಿತು.

ಬಟ್ಟೆ ಬಿಚ್ಚಿಕೊಂಡು, ಬೋಬೋರ ಬಿಳಿ ಅಂಗಿಯ ತೋಳಿನ ಮೇಲೆ ಟೊಮೆಟೊ ಹಾರಿತು. ಕುರ್ತ್ ಪುಡಿಯೆಲ್ಲ ಮೇಷ್ಟ್ರ ಮಡಿಲಿಗೆ. ಒಂದು ದ್ರಾಕ್ಷಿ ಉರುಳುತ್ತ ಬಂದು ತುರ್ಗುನ್‌ನ ಚಹಾಕ್ಕೆ ಬಿತ್ತು. ಯಾರೂ ಉಸಿರೆತ್ತುವ ಮೊದಲೇ ಮದಾಮಿನ್ ಎದ್ದು ನಿಂತು ಇಡೀ ಅಂಗಳಕ್ಕೆ ಕೇಳುವಂತೆ ಕಿರುಚಿದ:

"ಅಯ್ಯೋ! ಅದು ನಂದು!"

ಹೆಣ್ಣಿನ ಮನೆಯಲ್ಲಿ ಮುರಿದ ರೊಟ್ಟಿಯನ್ನು ನನ್ನದು ಎನ್ನುವವನು ಯಾರು? ಮದುಮಗ. ಪರದೆಯ ಹಿಂದಿನ ಅಜ್ಜಿಯೊಬ್ಬಳಿಗೆ ಇದಿಷ್ಟೇ ಕೇಳಿಸಿತು. ಪದ್ಧತಿಯಂತೆ ಆಕೆ ಹಿಡಿತುಂಬ ಮಿಠಾಯಿ ತೂರಿ, "ಮುಬಾರಕ್! ಮುಬಾರಕ್!" ಎಂದಳು. ಮಕ್ಕಳೆಲ್ಲ ಮಿಠಾಯಿಗೆ ಮುಗಿಬಿದ್ದರು. ಬೀದಿಯಲ್ಲಿ ಕಾದಿದ್ದ ತಮಟೆಯವನು ಬಾರಿಸತೊಡಗಿದ.

"ನಿಲ್ಸ್ರೋ!" ತುರ್ಗುನ್ ಗರ್ಜಿಸಿದ. "ಏನಿದು? ನನ್ನ ರೊಟ್ಟಿ ಬಿಟ್ಟು ಇವನದ್ಯಾಕೆ ಮುರಿದ್ರಿ?"

"ನಂಗೇನು ಕಾಣತ್ತಾ?" ಎಂದರು ಬೋಬೋ. "ಮುರಿದದ್ದು ಮುರಿದಾಯ್ತು. ಯಾರ ರೊಟ್ಟಿ ಮುರೀತೋ ಅವರಿಗೇ ಹೆಣ್ಣು. ಇದು ನಾನು ಮಾಡಿದ ಕಟ್ಟಳೆ ಅಲ್ಲ."

"ಇದು ರೊಟ್ಟೀನಾ? ನೋಡಿ, ನೋಡಿ! ಟೊಮೆಟೊ, ದ್ರಾಕ್ಷಿ... ಏಯ್, ಈ ಮಾಂಸ ನನ್ನಂಗಡೀದು!"

"ಹಾಗಾದ್ರೆ ಈ ಶುಭಕಾರ್ಯದಲ್ಲಿ ನಿಂದೂ ಒಂದು ಪಾಲು ಸೇರ್ತಲ್ಲಪ್ಪ. ಪುಣ್ಯ ಬರತ್ತೆ."

ತುರ್ಗುನ್‌ನ ಮುಖ ಪಿಜ್ಜಾಕ್ಕಿಂತ ಕೆಂಪಾಯಿತು. ಆದರೆ ಅವನು ದಡ್ಡನಲ್ಲ. ಅವನ ಕಣ್ಣು ಮದಾಮಿನ್ ಮೇಲೆ ಬಿತ್ತು. "ಸರಿ. ಇವನನ್ನೇ ಕೇಳೋಣ. ಲೋ ಡ್ರೈವರ್, ಇದೇನು ನೀನು ಮಾಡಿದ್ದು? ರೊಟ್ಟಿನಾ, ಪಿಜ್ಜಾನಾ?"

ರೊಟ್ಟಿಯಾದರೆ ಸನೋಬರ್ ಇವನವಳು. ಪಿಜ್ಜಾ ಆದರೆ ಮುರಿದದ್ದು ಲೆಕ್ಕಕ್ಕಿಲ್ಲ. ತುರ್ಗುನ್‌ನ ಗಂಟು ಬಿಚ್ಚುತ್ತಾರೆ. ಇದು ಅಂಗಳದ ಕೋಳಿಗೂ ಅರ್ಥವಾಗಿತ್ತು. ನಾನು ಮದಾಮಿನ್‌ನ ತೊಡೆ ಚಿವುಟಿ, "ರೊಟ್ಟಿ ಅನ್ನೋ!" ಎಂದು ಪಿಸುಗುಟ್ಟಿದೆ.

ಅವನು ಎದೆಯುಬ್ಬಿಸಿದ. "ಪಿಜ್ಜಾ!" ಎಂದ.

"ಲೇ, ರೊಟ್ಟಿ ಅನ್ನೋ ಕತ್ತೆ!"

"ಯಾಕನ್ಲಿ? ಬೆಳಿಗ್ಗೆಯಿಂದ ತುಟಿ ಸುಟ್ಕೊಂಡು ಮಾಡಿದೀನಿ. ಪಿಜ್ಜಾ ತರ್ತೀನಿ ಅಂತ ಅವಳಿಗೆ ಮಾತು ಕೊಟ್ಟಿದೀನಿ. ಈಗ ಎಲ್ಲರ ಮುಂದೆ ರೊಟ್ಟಿ ಅಂದ್ರೆ ಸುಳ್ಳ ಆಗಲ್ವಾ ನಾನು?"

"ಕೇಳಿದ್ರಾ? ಕೇಳಿದ್ರಾ?" ತುರ್ಗುನ್ ತನ್ನ ಗಂಟಿನತ್ತ ಕೈ ಚಾಚಿದ.

ಹೋಸಿಯತ್ ಖೋಲಾ ಜನರನ್ನು ಸೀಳಿಕೊಂಡು ಬಂದಳು. "ಆ ಮಂಕುದಿಣ್ಣೆನ ಏನು ಕೇಳ್ತೀರಾ? ಹಿಟ್ಟು ನಂದು. ನಿಮ್ಮ ಗಂಟಲ್ಲಿರೋದೂ ಅದೇ ಹಿಟ್ಟು!" ಎಂದು ಬೆರಳಿಂದ ಮೇಲಿನದನ್ನೆಲ್ಲ ಕೆರೆದು ತೋರಿಸಿದಳು. ಟೊಮೆಟೊ ಕೆಳಗೆ ಅವಳ ಹೂವಿನ ಅಚ್ಚು ಇತ್ತು, ಅರ್ಧ ಮೇಷ್ಟ್ರ ಕೈಯಲ್ಲಿ, ಅರ್ಧ ಬೋಬೋರ ಕೈಯಲ್ಲಿ.

"ಕೆರೀಬೇಡಿ ಖೋಲಾ, ಪಿಜ್ಜಾ ಹಾಳಾಗತ್ತೆ!" ಎಂದ ಮದಾಮಿನ್. ನನಗೆ ಅವನನ್ನು ಅಲ್ಲೇ ಹೂತುಬಿಡೋಣ ಅನ್ನಿಸಿತು.

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ತಮ್ಮ ಕೈಯಲ್ಲಿದ್ದ ತುಂಡನ್ನು ತಿರುಗಿಸಿ ನೋಡಿದರು, ಮೂಸಿದರು, ಹುಬ್ಬಿಲ್ಲದ ಜಾಗ ಉಜ್ಜಿಕೊಂಡರು. "ಹಿಟ್ಟು, ನೀರು, ಉಪ್ಪು, ಕಾವು. ಅಲ್ಲೀವರೆಗೂ ರೊಟ್ಟಿನೇ. ಮೇಲಿನದನ್ನ ಏನು ಅನ್ಬೇಕೋ ನಂಗೊತ್ತಿಲ್ಲ, ನಾನು ಯಾವತ್ತೂ ಪಿಜ್ಜಾ ತಿಂದಿಲ್ಲ" ಎಂದರು. ಮುಖ ಕಹಿಯಾಗಿತ್ತು, ಆದರೆ ಗೊತ್ತಿಲ್ಲದ್ದನ್ನು ಗೊತ್ತು ಅನ್ನುವ ಮನುಷ್ಯ ಅವರಲ್ಲ. "ಇಲ್ಲಿ ತಿಂದವರು ಯಾರಾದ್ರೂ ಇದ್ದೀರಾ?"

ಎಲ್ಲರೂ ಇಲ್ಲವೆಂದು ತಲೆಯಾಡಿಸಿದರು.

"ನಾನು ತಿಂದಿದೀನಿ ಅಪ್ಪ."

ಪರದೆ ಸರಿಸಿ ಸನೋಬರ್ ಬಂದಳು. ಹೆಣ್ಣು ಇಂಥ ಹೊತ್ತಲ್ಲಿ ಹೊರಗೆ ಬರುವುದು ಸಲ್ಲ. ಆದರೆ ಪಿಜ್ಜಾ ತಿಂದ ಸಾಕ್ಷಿ ಅವಳೊಬ್ಬಳೇ, ಏನು ಮಾಡುವುದು? ಅಜ್ಜಿಯರೂ ತಡೆಯಲಿಲ್ಲ. ಮದಾಮಿನ್ ಅವಳನ್ನು ಕಂಡವನೇ ಟೋಪಿ ಸರಿಮಾಡಿಕೊಂಡ. "ಇಡಿಯಾಗಿತ್ತು ಸನೋಬರ್. ತ್ರಿಕೋನ ಮಾಡ್ಬೇಕು ಅಂತಿದ್ದೆ. ಇವರು ಮುರಿದುಬಿಟ್ರು" ಎಂದ.

ಅವಳು ಅಪ್ಪನ ಕೈಯಲ್ಲಿದ್ದುದರಿಂದ ಒಂದು ತುಣುಕು ಮುರಿದುಕೊಂಡಳು. ಬಾಯಿಗಿಟ್ಟಳು. ಅಗಿದಳು. ಕುರ್ತ್ ಕಟಕಟ ಎಂದಿತು. ಮತ್ತೆ ಅಗಿದಳು. ತುರ್ಗುನ್ ಕತ್ತು ಚಾಚಿದ. ಗೋಡೆ ಮೇಲಿದ್ದ ದಿಲ್ಮುರೋದ್ ಒಂದು ಕಾಲು ಈಚೆ ಹಾಕಿದ. ಅವಳು ನುಂಗಿ, ತುಟಿ ಒರೆಸಿಕೊಂಡು, ನೇರವಾಗಿ ಹೈದರ್ ಬೋಬೋರಿಗೆ ಹೇಳಿದಳು.

"ಇದು ಪಿಜ್ಜಾ ಅಲ್ವೇ ಅಲ್ಲ."

ಮದಾಮಿನ್‌ನ ಮುಖ ಬಾಡಿತು. "ಅಲ್ವಾ? ಆ ಕಡೆ ತುಂಡು ತಿಂದ್ನೋಡಿ, ಅದ್ರಲ್ಲಿ ದ್ರಾಕ್ಷಿ..."

"ಯಾವ ಕಡೆ ತಿಂದ್ರೂ ರೊಟ್ಟಿನೇ ಮದಾಮಿನ್. ನಮ್ಮಪ್ಪ ಮುರಿದಿರೋ ರೊಟ್ಟಿ." ಅವಳ ಕಿವಿ ಕೆಂಪಾಗಿತ್ತು. ಅಷ್ಟು ಹೇಳಿ ತಲೆ ತಗ್ಗಿಸಿ ಒಳಗೆ ಹೋದಳು.

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಅಜ್ಜಿ ಉಳಿದ ಮಿಠಾಯಿಯನ್ನೆಲ್ಲ ತೂರಿದಳು. ತುರ್ಗುನ್ ಏನೋ ಕೂಗಿದ್ದು ತಮಟೆಯ ಸದ್ದಿನಲ್ಲಿ ಕೇಳಿಸಲಿಲ್ಲ. ಅವನ ಮಗ ಗೋಡೆ ಹಾರಿ ಬಂದು ಬೋಬೋರ ಕೈಯ ತುಂಡಿಗೆ ಬಾಯಿ ಹಾಕಿ, "ಚೆನ್ನಾಗಿದೆ ಅಪ್ಪ, ತಿಂದ್ನೋಡು" ಎನ್ನುತ್ತಿದ್ದ. ಮೇಷ್ಟ್ರು ಇದ್ದ ಒಂದು ಹುಬ್ಬನ್ನು ಅಂಗೈಯಿಂದ ಮುಚ್ಚಿಕೊಂಡು ಕೂತಿದ್ದರು. ಬೋಬೋ ಎರಡೂ ಕೈ ಎತ್ತಿ "ಆಮೀನ್" ಎಂದರು. ಇಡೀ ಅಂಗಳ ಆಮೀನ್ ಎಂದು ಮುಖ ಸವರಿಕೊಂಡಿತು.

ಮದಾಮಿನ್ ಒಬ್ಬನೇ ಹಾಗೇ ನಿಂತಿದ್ದ. ಯಾರೋ ಅವನ ಹೆಗಲಿಗೆ ಜರಿಯ ನಿಲುವಂಗಿ ಹೊದಿಸುತ್ತಿದ್ದರು, ಯಾರೋ ಕೈ ಕುಲುಕುತ್ತಿದ್ದರು. ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಕಡೆ ತಿರುಗಿದ.

"ನಿಶೋನ್, ಕೆಟ್ಟುಹೋಯ್ತೇನೋ?"

"ಇಲ್ಲ ಕಣೋ ಕತ್ತೆ" ಎಂದೆ. "ಚೆನ್ನಾಗಿ ಬೆಂದಿದೆ."